ಹಾಡಿಯಿಂದ ಕ್ಯಾನ್ಸರ್ ಚಿಕಿತ್ಸೆಗೆ ಹೋದವರು ಅರ್ಧಕ್ಕೇ ಮರಳಿ ಬರುತ್ತಿದ್ದಾರೆ: ನಾನು ಏನು ಮಾಡಬೇಕು?

ಪ್ರಶ್ನೆ: ಕಪಿಲೆಯ ದಡ

ನಾನು ಎಚ್.ಡಿ. ಕೋಟೆ ತಾಲ್ಲೂಕಿನ ಕಾಡಂಚಿನ ಉಪಕೇಂದ್ರವೊಂದರಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯಾಗಿದ್ದೇನೆ. ನನ್ನ ವ್ಯಾಪ್ತಿಯಲ್ಲಿ ಊರುಗಳ ಜೊತೆಗೆ ಜೇನುಕುರುಬರ, ಬೆಟ್ಟಕುರುಬರ ಮತ್ತು ಯರವರ ಹಾಡಿಗಳು, ಅಂದರೆ ಬುಡಕಟ್ಟು ಜನರ ಕೇರಿಗಳು, ಇವೆ. ಮೂವತ್ತು ದಾಟಿದವರ ಬಾಯಿ, ಸ್ತನ ಮತ್ತು ಗರ್ಭಕೊರಳಿನ ತಪಾಸಣೆ ಮಾಡಿ, ಅನುಮಾನ ಬಂದವರನ್ನು ಮೇಲಿನ ಆಸ್ಪತ್ರೆಗೆ ಕಳುಹಿಸುವುದು ನನ್ನ ಕೆಲಸದ ಒಂದು ಭಾಗ. ಕಳುಹಿಸುವವರೆಗೂ ಎಲ್ಲವೂ ಹೇಗೋ ನಡೆಯುತ್ತದೆ. ತೊಂದರೆ ಶುರುವಾಗುವುದು ಅದರ ನಂತರ.

ಕಳೆದ ಮೂರು ವರ್ಷಗಳಲ್ಲಿ ಹಾಡಿಗಳಿಂದ ಮೂವರಿಗೆ ಕ್ಯಾನ್ಸರ್ ಇರುವುದು ಖಚಿತವಾಯಿತು. ಮೊದಲನೆಯವರು ಸುಮಾರು ನಲವತ್ತೈದರ ಜೇನುಕುರುಬ ಹೆಂಗಸು. ಮುಟ್ಟು ನಿಂತ ಮೇಲೂ ರಕ್ತ ಹೋಗುತ್ತಿದ್ದುದನ್ನು ಎಂಟು ತಿಂಗಳು ಯಾರಿಗೂ ಹೇಳಿರಲಿಲ್ಲ. ನಗರದ ಆಸ್ಪತ್ರೆಯಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಎಂದು ತಿಳಿದು, ಇಪ್ಪತ್ತೈದು ದಿನ ವಿಕಿರಣ, ವಾರಕ್ಕೊಮ್ಮೆ ಕೀಮೋ, ಆಮೇಲೆ ಒಳಗಿನಿಂದ ಕೊಡುವ ವಿಕಿರಣ ಎಂದು ಹೇಳಿದರು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕಾರ್ಡ್ ಇದ್ದುದರಿಂದ ಚಿಕಿತ್ಸೆಗೆ ಹಣ ಕೇಳಲಿಲ್ಲ. ನಾನು ನೆಮ್ಮದಿಯಿಂದ ಇದ್ದೆ. ಹನ್ನೊಂದನೆಯ ದಿನ ಅವರು ಹಾಡಿಗೆ ಮರಳಿದ್ದರು.

ನಾನು ಹೋಗಿ ಕೇಳಿದಾಗ ಅವರು ಯಾರನ್ನೂ ದೂರಲಿಲ್ಲ. ಗಂಡ ಕೊಡಗಿನ ತೋಟದ ಮಾಲೀಕರಿಂದ ಮುಂಗಡ ಪಡೆದಿದ್ದರಿಂದ ಕಾಫಿ ಕುಯ್ಲಿಗೆ ಹೋಗಲೇಬೇಕಾಯಿತು. ರಾತ್ರಿ ಮಲಗುತ್ತಿದ್ದುದು ಆಸ್ಪತ್ರೆಯ ಜಗುಲಿಯಲ್ಲಿ. ವಿಕಿರಣಕ್ಕೆ ಎಲ್ಲರೂ ಹೇಳುವಂತೆ ಅಲ್ಲಿಯೂ ಯಾರೋ "ಕರೆಂಟು ಕೊಡುತ್ತಾರೆ" ಎಂದಿದ್ದರು. ಕಾಡಂಚಿನ ತಂತಿಬೇಲಿಗೆ ಸಿಕ್ಕಿ ಸತ್ತ ಪ್ರಾಣಿಗಳನ್ನು ಕಂಡಿರುವ ಹೆಂಗಸಿಗೆ ಆ ಮಾತು ಹೇಗೆ ಕೇಳಿಸಿರಬೇಕು ಎಂದು ನನಗೆ ಹೊಳೆದದ್ದು ಆಗಲೇ. "ಅಲ್ಲಿ ನನ್ನ ಕೂಡೆ ಮಾತಾಡೋರೇ ಇರಲಿಲ್ಲ ಅಕ್ಕ" ಎಂದಷ್ಟೇ ಹೇಳಿದರು. ಮರಳಿ ಹೋಗಲು ಒಪ್ಪಲಿಲ್ಲ. ಮುಂದಿನ ಯುಗಾದಿಗೆ ಮೊದಲೇ ತೀರಿಕೊಂಡರು.

ಎರಡನೆಯವರು ಬಾಯಿ ಕ್ಯಾನ್ಸರ್ ಆಗಿದ್ದ ಗಂಡಸು; ಚಿಕ್ಕಂದಿನಿಂದ ತಂಬಾಕಿನ ಕಡ್ಡಿಪುಡಿ ಹಾಕುತ್ತಿದ್ದವರು. ಪಡಿತರ ಚೀಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಎರಡು ಸಲ ನಗರಕ್ಕೆ ಹೋಗಿ ಕಾಗದ ಸರಿಯಿಲ್ಲವೆಂದು ಮರಳಿ ಬಂದು, ಮೂರನೆಯ ಸಲ ಹೋಗಲೇ ಇಲ್ಲ. ಮೂರನೆಯವರಿಗೂ ಗರ್ಭಕೊರಳಿನ ಕ್ಯಾನ್ಸರ್, ಮೊದಲನೆಯವರಷ್ಟೇ ಮುಂದುವರಿದಿತ್ತು. ಅವರು ಮಾತ್ರ ಚಿಕಿತ್ಸೆ ಪೂರೈಸಿ ಈಗ ಹಾಡಿಯಲ್ಲಿ ಚೆನ್ನಾಗಿದ್ದಾರೆ. ವ್ಯತ್ಯಾಸ ಇಷ್ಟೇ: ಆಶ್ರಮ ಶಾಲೆಯಲ್ಲಿ ಓದಿ ಪಿಯುಸಿ ಮುಗಿಸಿದ್ದ ಅಕ್ಕನ ಮಗಳು ಏಳು ವಾರವೂ ಅವರ ಜೊತೆಗಿದ್ದಳು. ಚೀಟಿ ಓದಿದಳು, ಸಾಲಿನಲ್ಲಿ ನಿಂತಳು, ವೈದ್ಯರು ಹೇಳಿದ್ದನ್ನು ತಮ್ಮ ಮಾತಿನಲ್ಲಿ ತಿಳಿಸಿದಳು, ರಾತ್ರಿ ಪಕ್ಕದಲ್ಲಿ ಮಲಗಿದಳು.

ಪ್ರತಿಯೊಬ್ಬ ರೋಗಿಗೂ ಇಂಥ ಒಬ್ಬ ಅಕ್ಕನ ಮಗಳನ್ನು ನಾನು ಎಲ್ಲಿಂದ ತರಲಿ? ಅವಳ ಕೂಲಿ, ಊಟ, ವಸತಿಯನ್ನು ಯಾರು ಕೊಡಬೇಕು? ಬೇರೆ ಕಡೆ ಇದನ್ನು ಹೇಗೆ ಮಾಡಿದ್ದಾರೆ? ಅನುಭವವಿರುವವರು ದಯವಿಟ್ಟು ತಿಳಿಸಿ. ನನ್ನ ಕಡೆಯಿಂದಲೇ ತಪ್ಪಾಗುತ್ತಿದ್ದರೆ ಅದನ್ನೂ ಹೇಳಿ.

ಉತ್ತರ 1: ನಿವೃತ್ತ ವಿಕಿರಣ ಚಿಕಿತ್ಸಾ ತಜ್ಞ, ಮೈಸೂರು

ಮೇಡಂ, ನಿಮ್ಮ ಮೊದಲನೆಯ ರೋಗಿಯಂಥವರನ್ನು ನನ್ನ ಸೇವಾವಧಿಯಲ್ಲಿ ಬಹಳ ಮಂದಿ ಕಂಡಿದ್ದೇನೆ. ಅವರ ಕಡತದ ಮೇಲೆ "ಚಿಕಿತ್ಸೆಗೆ ಬರಲಿಲ್ಲ" ಎಂದು ಬರೆದು ಮುಚ್ಚುತ್ತಿದ್ದೆವು. ಏಕೆ ಬರಲಿಲ್ಲ ಎಂದು ಕೇಳಿಕೊಂಡು ಹಾಡಿಗೆ ಹೋದವರು ನೀವು, ನಾವು ಹೋಗಲಿಲ್ಲ.

ವಿಕಿರಣವನ್ನು ವಾರಕ್ಕೆ ಐದು ದಿನದಂತೆ ಸಣ್ಣ ಸಣ್ಣ ಪ್ರಮಾಣದಲ್ಲಿ ಕೊಡುವುದಕ್ಕೆ ಕಾರಣವಿದೆ. ಪ್ರತಿದಿನದ ಪ್ರಮಾಣದಿಂದ ಪೆಟ್ಟು ತಿಂದ ಆರೋಗ್ಯವಂತ ಜೀವಕೋಶಗಳು ಮರುದಿನದೊಳಗೆ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತವೆ, ಕ್ಯಾನ್ಸರ್ ಕೋಶಗಳಿಗೆ ಅಷ್ಟು ಚೇತರಿಕೆ ಸಾಧ್ಯವಾಗುವುದಿಲ್ಲ. ಆದರೆ ನಡುವೆ ದಿನಗಟ್ಟಲೆ ಬಿಡುವು ಸಿಕ್ಕರೆ ಉಳಿದಿರುವ ಕ್ಯಾನ್ಸರ್ ಕೋಶಗಳು ಮತ್ತೆ ಬೆಳೆಯತೊಡಗುತ್ತವೆ. ಗರ್ಭಕೊರಳಿನ ಕ್ಯಾನ್ಸರ್‌ನಲ್ಲಿ ಹೊರಗಿನ ಮತ್ತು ಒಳಗಿನ ವಿಕಿರಣಗಳೆರಡೂ ಸೇರಿ ಎಂಟು ವಾರಗಳೊಳಗೆ ಮುಗಿಯಬೇಕು ಎನ್ನುವುದು ಇದಕ್ಕಾಗಿಯೇ. ಆದ್ದರಿಂದ ಮೊದಲ ದಿನದ ವಿಕಿರಣಕ್ಕೆ ಮುನ್ನವೇ ಎಂಟು ವಾರಗಳ ವಸತಿ ಗೊತ್ತಾಗಿರಬೇಕು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಕಡೆ ರೋಗಿಗಳಿಗೂ ಜೊತೆಗಿರುವವರಿಗೂ ಧರ್ಮಶಾಲೆ ಇದೆ. ಯಾವ ಆಸ್ಪತ್ರೆಯಾದರೂ ವೈದ್ಯರಿಗಿಂತ ಮೊದಲು ಅಲ್ಲಿನ ವೈದ್ಯಕೀಯ ಸಮಾಜ ಕಾರ್ಯಕರ್ತರನ್ನು ಕಂಡು, ಹಾಸಿಗೆ ಖಾಲಿ ಇದೆಯೇ ಎಂದು ಕೇಳಿ. ಆ ಮಾತು ಇತ್ಯರ್ಥವಾಗದೆ ರೋಗಿಯನ್ನು ಬಸ್ ಹತ್ತಿಸಬೇಡಿ.

ಇನ್ನೊಂದು ಮಾತನ್ನು ಆಸ್ಪತ್ರೆಯವರೇ ಮರೆಯುತ್ತಾರೆ. ರಕ್ತಹೀನತೆ ಇರುವವರಲ್ಲಿ ವಿಕಿರಣದ ಪರಿಣಾಮ ಕುಗ್ಗುತ್ತದೆ. ತಿಂಗಳುಗಟ್ಟಲೆ ರಕ್ತ ಹೋಗಿರುವ ಹೆಂಗಸಿನ ಹಿಮೋಗ್ಲೋಬಿನ್ ಎಷ್ಟಿದೆ ಎಂದು ನೀವು ಉಪಕೇಂದ್ರದಲ್ಲೇ ನೋಡಿ ಬರೆದುಕೊಡಿ. ನಿಮ್ಮ ಹಾಡಿಗಳಲ್ಲಿ ಕುಡಗೋಲು ಕಣ ರೋಗ, ಅಂದರೆ ಸಿಕಲ್ ಸೆಲ್ ಎಂಬ ವಂಶಪಾರಂಪರ್ಯ ರಕ್ತದ ಕಾಯಿಲೆ, ಇರುವ ಕುಟುಂಬಗಳೂ ಇರಬಹುದು. 2023ರ ಜುಲೈನಲ್ಲಿ ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಲ್ಲಿ ಕೊಟ್ಟ ಕಾರ್ಡ್ ಇದ್ದರೆ ಅದನ್ನು ಕಡ್ಡಾಯವಾಗಿ ಕಳುಹಿಸಿ. ಮೈಯಲ್ಲಿ ನೀರಿನ ಅಂಶ ಕಡಿಮೆಯಾದರೆ ಅಂಥವರಿಗೆ ತೀವ್ರವಾದ ನೋವು ಬರುತ್ತದೆ. ಕೀಮೋದಿಂದ ವಾಂತಿ ಶುರುವಾದಾಗ ಅಪಾಯ ಅಲ್ಲಿದೆ.

"ಕರೆಂಟು" ಎಂಬ ಮಾತಿನ ಬಗ್ಗೆ ನೀವು ಬರೆದದ್ದು ನನ್ನನ್ನು ತಟ್ಟಿತು. ಮೂವತ್ತು ವರ್ಷ ನಾನೂ ಅದೇ ಮಾತನ್ನು ಬಳಸಿದ್ದೇನೆ. ಎಕ್ಸ್‌ರೇ ತೆಗೆಯುವಾಗ ಹೇಗೆ ಏನೂ ತಿಳಿಯುವುದಿಲ್ಲವೋ ಇದೂ ಹಾಗೆಯೇ, ಕೆಲವು ನಿಮಿಷ ಅಲುಗಾಡದೆ ಮಲಗಿದ್ದರೆ ಸಾಕು ಎಂದು ವಿವರಿಸಿ. ಸಾಧ್ಯವಾದರೆ ಹಿಂದಿನ ದಿನವೇ ಯಂತ್ರವನ್ನು ತೋರಿಸುವಂತೆ ತಂತ್ರಜ್ಞರನ್ನು ಕೇಳಿಕೊಳ್ಳಿ.

ಕೊನೆಯದಾಗಿ, ಅರ್ಧ ಚಿಕಿತ್ಸೆಯಲ್ಲಿ ಅಡ್ಡಪರಿಣಾಮವೇ ಹೆಚ್ಚು, ಪ್ರಯೋಜನ ಅತ್ಯಲ್ಪ. ಆದ್ದರಿಂದ ಮನೆಯವರ ಮೇಲೆ ಒತ್ತಡ ತಂದಾದರೂ ಪೂರ್ತಿ ಮಾಡಿಸಬೇಕು ಎಂಬುದು ನನ್ನ ಅಭಿಪ್ರಾಯ.

ಉತ್ತರ 2: ದೊಡ್ಡಸಂಪಿಗೆ

ನಾನು ಬಿಳಿಗಿರಿರಂಗನ ಬೆಟ್ಟದ ಸೋಲಿಗ. ಡಾಕ್ಟರ ಮಾತುಗಳಲ್ಲಿ ಕೊನೆಯದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಗೌರವದಿಂದ ಒಪ್ಪುತ್ತೇನೆ.

ಒತ್ತಡ ಎಂದರೆ ಏನೆಂದು ನಮ್ಮ ಜನರಿಗೆ ಚೆನ್ನಾಗಿ ಗೊತ್ತು. 1974ರಲ್ಲಿ ನಮ್ಮ ಬೆಟ್ಟ ವನ್ಯಜೀವಿಧಾಮವಾದಾಗ ಕಾಡಿನೊಳಗಿದ್ದ ಪೋಡುಗಳನ್ನು, ಅಂದರೆ ನಮ್ಮ ಹಾಡಿಗಳನ್ನು, ಅಂಚಿಗೆ ತಂದು ಕೂರಿಸಿದರು. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯದ ಹಕ್ಕುಪತ್ರ ಅದೇ ವರ್ಷ ಸಿಕ್ಕಿತಾದರೂ ಅದಕ್ಕಾಗಿ ಹಿರಿಯರು ಪಟ್ಟ ಪಾಡು ಸಣ್ಣದಲ್ಲ. ನಾಗರಹೊಳೆಯಿಂದ ಹುಣಸೂರಿನ ನಾಗಾಪುರಕ್ಕೆ ಹೋದ ಜೇನುಕುರುಬರ ಕಥೆಯೂ ಇದೇ. ಸರ್ಕಾರಿ ವಾಹನ ಪೋಡಿಗೆ ಬಂದರೆ ಏನು ಕೊಡಲು ಬಂದರು ಎಂದು ನಮ್ಮ ಅಜ್ಜಿ ಎಂದೂ ಕೇಳಲಿಲ್ಲ. ಏನು ತೆಗೆದುಕೊಂಡು ಹೋಗಲು ಬಂದರು ಎಂದೇ ಕೇಳುತ್ತಿದ್ದಳು. ಒಳ್ಳೆಯ ಉದ್ದೇಶದ ಒತ್ತಡವೂ ಆ ಅಜ್ಜಿಯ ಕಣ್ಣಿಗೆ ಹಳೆಯ ಒತ್ತಡವಾಗಿಯೇ ಕಾಣುತ್ತದೆ. ಒಬ್ಬರನ್ನು ಹೀಗೆ ಎಳೆದುಕೊಂಡು ಹೋದರೆ, ಮುಂದಿನ ಹತ್ತು ಹೆಂಗಸರು ರಕ್ತ ಹೋಗುವುದನ್ನು ಬಾಯಿ ಬಿಟ್ಟು ಹೇಳುವುದಿಲ್ಲ.

ನನ್ನ ಸೋದರತ್ತೆಗೆ ಸ್ತನ ಕ್ಯಾನ್ಸರ್ ಆದಾಗ ನಡೆದದ್ದನ್ನು ಹೇಳುತ್ತೇನೆ. ಮೊದಲು ಅವಳೂ ಒಪ್ಪಿರಲಿಲ್ಲ. ನಮ್ಮಲ್ಲಿ ಯಜಮಾನ, ಪಟ್ಟೆಗಾರ, ಚಲವಾದಿ, ತಮ್ಮಡಿ ಎಂದು ಪೋಡಿನ ಹಿರಿಯರಿದ್ದಾರೆ. ದಾದಿಯವರು ಅತ್ತೆಯನ್ನು ಬಿಟ್ಟು ಮೊದಲು ಯಜಮಾನರ ಬಳಿ ಕುಳಿತು, ಕಾಯಿಲೆ ಏನು, ಚಿಕಿತ್ಸೆ ಏನು, ಕೂದಲು ಉದುರಿದರೆ ಮತ್ತೆ ಬರುತ್ತದೆ, ಚಿಕಿತ್ಸೆ ಮಾಡಿಸದಿದ್ದರೆ ಏನಾಗುತ್ತದೆ ಎಂದು ಒಂದೂ ಮುಚ್ಚಿಡದೆ ಹೇಳಿದರು. ಎರಡು ಸಂಜೆ ಮಾತುಕತೆ ನಡೆಯಿತು. ತಮ್ಮಡಿಯವರು ಪೂಜೆ ಮಾಡಿಕೊಟ್ಟರು, ಯಜಮಾನರು ಮೊದಲ ಸಲ ಆಸ್ಪತ್ರೆಗೆ ತಾವೇ ಜೊತೆಯಲ್ಲಿ ಹೋದರು. ಪೂಜೆಯನ್ನು ಅಲ್ಲಗಳೆಯದ ದಾದಿಯವರ ಮಾತನ್ನು ಅತ್ತೆ ಕೊನೆಯವರೆಗೂ ನಂಬಿದಳು. ಅವರೂ ನಮ್ಮದೇ ಹುಡುಗಿ ಎಂಬುದನ್ನು ಹೇಳಲೇಬೇಕು. ಡಾ. ಸುದರ್ಶನ್ ಅವರು 1981ರಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದವರು ಬುಡಕಟ್ಟಿನ ಹೆಣ್ಣುಮಕ್ಕಳಿಗೆ ದಾದಿಯರ ತರಬೇತಿ ಕೊಟ್ಟಿದ್ದರ ಫಲ ಅದು.

ಇನ್ನು ನಿಮ್ಮ ರೋಗಿಗಳು ಬಾಯಿಬಿಟ್ಟು ಹೇಳದ ಒಂದು ಭಯವಿದೆ. ದೂರದ ಊರಿನಲ್ಲಿ ಸತ್ತರೆ ಹೆಣ ಪೋಡಿಗೆ ಬರುತ್ತದೆಯೇ? ವಾಹನದ ಬಾಡಿಗೆ ಯಾರು ಕೊಡುತ್ತಾರೆ? ಹಿರಿಯರ ನೆಲದಲ್ಲಿ ಮಣ್ಣಾಗದಿದ್ದರೆ ಹೇಗೆ? ಚಿಕಿತ್ಸೆ ಪುಕ್ಕಟೆ ಎಂದು ಹತ್ತು ಸಲ ಹೇಳುವ ಬದಲು, "ಏನೇ ಆದರೂ ನಿನ್ನನ್ನು ನಿನ್ನ ಹಾಡಿಗೆ ತಂದು ಬಿಡುವ ಹೊಣೆ ನಮ್ಮದು" ಎಂದು ಒಂದು ಸಲ ಹೇಳಿ, ಹಾಗೆ ಹೇಳುವ ಮೊದಲು ಅದಕ್ಕೆ ಬೇಕಾದ ಹಣವನ್ನು ನಿಜವಾಗಿ ಒಂದು ಕಡೆ ಇಟ್ಟಿರಿ.

ಜೊತೆಗಾರರ ವಿಷಯ. ಅವರನ್ನು ನೀವು ಆರಿಸಬೇಡಿ, ಹಾಡಿಯವರು ಆರಿಸಲಿ. ಸ್ವಯಂಸೇವೆ ಎಂದೂ ಕರೆಯಬೇಡಿ. ಒಂದು ದಿನದ ಕೂಲಿ ಹೋದರೆ ಆ ದಿನದ ಅಡುಗೆ ಹೋದಂತೆ ಎನ್ನುವ ಮನೆಗಳಿವು. ತೋಟದಲ್ಲಿ ಸಿಗುವಷ್ಟಾದರೂ ದಿನಗೂಲಿ ಅವರಿಗೆ ಕೈಗೆ ಸಿಗಬೇಕು. ಸರ್ಕಾರದಿಂದ ಬರುವವರೆಗೆ ಕಾಯದೆ ಬುಡಕಟ್ಟು ಜನರ ಲ್ಯಾಂಪ್ಸ್ ಸಹಕಾರ ಸಂಘದ ಮುಂದೆಯೂ ಗ್ರಾಮ ಪಂಚಾಯಿತಿಯ ಮುಂದೆಯೂ ಬರವಣಿಗೆಯಲ್ಲಿ ಇಡಿ. ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಹಾಗಾಗಿ ಹೆಣ್ಣು ರೋಗಿಗೆ ಹೆಣ್ಣು ಜೊತೆಗಾರ್ತಿಯಾದರೆ ಪ್ರಯಾಣದ ಖರ್ಚಾದರೂ ಉಳಿಯುತ್ತದೆ.

ಉತ್ತರ 3: ಡಾರ್ವಿನ್‌ನಲ್ಲಿರುವ ಕನ್ನಡತಿ

ನಾನು ಹಾಸನ ಜಿಲ್ಲೆಯವಳು, ಆಸ್ಟ್ರೇಲಿಯಾದ ಉತ್ತರ ಭಾಗದಲ್ಲಿ ಶುಶ್ರೂಷಕಿಯಾಗಿದ್ದೇನೆ. ಇಲ್ಲಿನ ಮೂಲನಿವಾಸಿಗಳ ಕಥೆಯನ್ನು ನಿಮ್ಮ ಹಾಡಿಯ ಕಥೆಯ ಪಕ್ಕದಲ್ಲಿಟ್ಟರೆ ಊರಿನ ಹೆಸರು ಮಾತ್ರ ಬದಲಾಗುತ್ತದೆ. ಇದು ಶ್ರೀಮಂತ ದೇಶ. ಆದರೂ ಕ್ಯಾನ್ಸರ್ ಬಂದ ಮೂಲನಿವಾಸಿಗಳು ಉಳಿದವರಿಗಿಂತ ಹೆಚ್ಚಾಗಿ ಸಾಯುತ್ತಿದ್ದಾರೆ, ಕಾರಣಗಳೂ ನೀವು ಬರೆದವೇ: ತಡವಾಗಿ ತಿಳಿಯುವುದು, ನೂರಾರು ಕಿಲೋಮೀಟರ್ ದೂರ, ಭಾಷೆ, ಹಳೆಯ ಗಾಯಗಳಿಂದ ಬಂದ ಅಪನಂಬಿಕೆ.

ಆದರೆ ಇಲ್ಲಿ ನೀವು ಕೇಳುತ್ತಿರುವ "ಅಕ್ಕನ ಮಗಳು" ಒಂದು ಸಂಬಳದ ಹುದ್ದೆ. ಆಸ್ಪತ್ರೆಗಳಲ್ಲಿ ಮೂಲನಿವಾಸಿ ಸಮುದಾಯದವರೇ ಆದ ಸಂಪರ್ಕಾಧಿಕಾರಿಗಳಿದ್ದಾರೆ. ರೋಗಿ ಬಂದ ದಿನವೇ ಅವರು ಬಂದು ಮೊದಲು ಯಾವ ಊರು, ಯಾರ ಮನೆಯವರು ಎಂದು ಮಾತನಾಡಿಸುತ್ತಾರೆ. ಕಾಯಿಲೆಯ ಮಾತು ಆಮೇಲೆ. ಮೂಲನಿವಾಸಿ ಭಾಷೆಗಳಿಗೆ ಸರ್ಕಾರದ ದುಭಾಷಿ ಸೇವೆ ಇದೆ. ದೂರದಿಂದ ಬರುವ ರೋಗಿಯ ಪ್ರಯಾಣ ಮತ್ತು ವಸತಿಗೆ ಸರ್ಕಾರದ ನೆರವು ಇದ್ದು, ಅಗತ್ಯವಿದ್ದಲ್ಲಿ ಜೊತೆಗೆ ಬರುವ ಒಬ್ಬರಿಗೂ ಅದು ಸಿಗುತ್ತದೆ. ಇವು ಯಾವುವೂ ದಾನವಾಗಿ ಬಂದವಲ್ಲ. 1971ರಲ್ಲಿ ಸಿಡ್ನಿಯ ರೆಡ್‌ಫರ್ನ್‌ನಲ್ಲಿ ಮೂಲನಿವಾಸಿಗಳು ತಮ್ಮದೇ ವೈದ್ಯಕೀಯ ಸೇವೆಯನ್ನು ತೆರೆದರು. ಅಂಥ ಸಮುದಾಯದ ಒಡೆತನದ ಆರೋಗ್ಯ ಕೇಂದ್ರಗಳು ಈಗ ದೇಶದುದ್ದಕ್ಕೂ ಇವೆ. ಕೇಳಿ ಪಡೆದದ್ದು ಅವರೇ.

ಒಂದು ವಿಷಯ ನಿಮ್ಮ ಕೆಲಸಕ್ಕೆ ನೇರವಾಗಿ ಸಂಬಂಧಿಸಿದ್ದು. ಗರ್ಭಕೊರಳಿನ ಕ್ಯಾನ್ಸರ್ ಬಹುಪಾಲು ಎಚ್‌ಪಿವಿ ವೈರಾಣುವಿನಿಂದ ಬರುತ್ತದೆ. ಇಲ್ಲಿ 2022ರ ಜುಲೈನಿಂದ ತಪಾಸಣೆಗೆ ಬರುವ ಯಾವ ಹೆಂಗಸಾದರೂ ಪರದೆಯ ಹಿಂದೆ ಹೋಗಿ ಹತ್ತಿಯ ಕಡ್ಡಿಯಿಂದ ತನ್ನ ಮಾದರಿಯನ್ನು ತಾನೇ ತೆಗೆದುಕೊಡಬಹುದು. ಇನ್ನೊಬ್ಬರ ಮುಂದೆ ಬಟ್ಟೆ ಸರಿಸಬೇಕಾದ ಸಂಕೋಚದಿಂದ ವರ್ಷಗಟ್ಟಲೆ ಬಾರದಿದ್ದ ಹಿರಿಯ ಹೆಂಗಸರು ಹೀಗೆ ಮಾದರಿ ಕೊಟ್ಟು ನಗುತ್ತಾ ಹೊರಬಂದದ್ದನ್ನು ನಾನು ನೋಡಿದ್ದೇನೆ. ನಿಮ್ಮ ಜಿಲ್ಲೆಯಲ್ಲಿ ಯಾವುದಾದರೂ ವೈದ್ಯಕೀಯ ಕಾಲೇಜು ಎಚ್‌ಪಿವಿ ಪರೀಕ್ಷೆ ಮಾಡುವುದಾದರೆ, ಹಾಡಿಗಳಿಂದಲೇ ಆರಂಭಿಸಿ ಎಂದು ಕೇಳಿ ನೋಡಿ.

ಉತ್ತರ 4: ನಿವೃತ್ತ ವಿಕಿರಣ ಚಿಕಿತ್ಸಾ ತಜ್ಞ, ಮೈಸೂರು

ಸೋಲಿಗ ಸಹೋದರರ ಮಾತನ್ನು ಎರಡು ಬಾರಿ ಓದಿದೆ. ಒತ್ತಡ ಎಂಬ ಪದವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಸಮಯವಿಲ್ಲ ಎಂಬ ನೆಪದಲ್ಲಿ ನಾವು ಆತುರಪಡಿಸುತ್ತೇವೆ. ಎರಡು ಸಂಜೆಯ ಮಾತುಕತೆಯಿಂದ ರೋಗಿ ಏಳು ವಾರವೂ ಚಿಕಿತ್ಸೆಯಲ್ಲಿ ಉಳಿಯುವುದಾದರೆ ಅದಕ್ಕಿಂತ ಲಾಭದ ಸಮಯ ಇನ್ನಾವುದಿದೆ?

ಡಾರ್ವಿನ್‌ನ ಮೇಡಂ ಹೇಳಿದ ಪರೀಕ್ಷೆ ಎಲ್ಲ ಕಡೆ ಬರಲು ಇನ್ನೂ ಕಾಲ ಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವಯಸ್ಸಿನ ಭಾರತೀಯ ಹೆಂಗಸರಲ್ಲಿ ಒಮ್ಮೆಯಾದರೂ ಗರ್ಭಕೊರಳಿನ ತಪಾಸಣೆ ಮಾಡಿಸಿಕೊಂಡವರು ಶೇ. 1.9 ಮಾತ್ರ. ಇಡೀ ದೇಶದ ಗತಿಯೇ ಹೀಗಿರುವಾಗ ಹಾಡಿಯ ಗತಿ ಹೇಳಬೇಕಾಗಿಲ್ಲ. ಅಲ್ಲಿಯವರೆಗೆ ಅಸಿಟಿಕ್ ಆಮ್ಲ ಸವರಿ ನೋಡುವ ನಿಮ್ಮ ಈಗಿನ ಪರೀಕ್ಷೆಯೇ ಸಾಕಷ್ಟು ಕೆಲಸಕ್ಕೆ ಬರುತ್ತದೆ. ಬಿಳಿ ಮಚ್ಚೆ ಕಂಡವರಲ್ಲಿ ಇನ್ನೂ ಕ್ಯಾನ್ಸರ್ ಆಗದ ಹಂತದಲ್ಲಿರುವವರಿಗೆ ಅದೇ ದಿನ ಶಾಖದಿಂದ ಆ ಭಾಗವನ್ನು ಸುಡುವ ಸಣ್ಣ ಉಪಕರಣವಿದೆ, ಕೆಲವೇ ನಿಮಿಷದ ಕೆಲಸ. ತರಬೇತಾದ ಸ್ತ್ರೀರೋಗ ತಜ್ಞರು ಆ ಉಪಕರಣದೊಂದಿಗೆ ಹಾಡಿಯ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಂಗಳಿಗೊಮ್ಮೆ ಬಂದರೆ, ಎಷ್ಟೋ ಮಂದಿಗೆ ನಗರದ ದಾರಿ ತುಳಿಯುವ ಪ್ರಸಂಗವೇ ಬರುವುದಿಲ್ಲ. ಬಾಯಿಯ ವಿಷಯದಲ್ಲಿಯೂ ಹಾಗೆಯೇ: ಕಡ್ಡಿಪುಡಿ, ಹೊಗೆಸೊಪ್ಪು, ಅಡಿಕೆ ಹಾಕುವವರ ಕೆನ್ನೆಯ ಒಳಭಾಗವನ್ನು ಬೆಳಕಿನಲ್ಲಿ ನೋಡಿ, ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ದಾಟಿದ ಹುಣ್ಣು, ಬಾಯಿ ತೆರೆಯುವುದು ಕಡಿಮೆಯಾಗಿರುವುದು, ಇವನ್ನು ಗುರುತು ಹಾಕಿಕೊಳ್ಳಿ.

ಮರಳಿ ಬಂದವರನ್ನು ಮಾತ್ರ ಬಿಡಬೇಡಿ. ಚಿಕಿತ್ಸೆ ಬೇಡವೆಂದವರಿಗೆ ನೋವು ಬೇಡವೆನ್ನುವ ಹಕ್ಕೂ ಇದೆ. ಮಾದಕ ವಸ್ತುಗಳ ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾದ ಮೇಲೆ, ಮಾನ್ಯತೆ ಪಡೆದ ಆಸ್ಪತ್ರೆಗಳು ತೀವ್ರ ನೋವು ತಗ್ಗಿಸಲು ಬಾಯಿಯ ಮೂಲಕ ಕೊಡುವ ಮಾರ್ಫಿನ್ ಇಟ್ಟುಕೊಳ್ಳುವುದು ಮೊದಲಿಗಿಂತ ಸುಲಭವಾಗಿದೆ. ಬೆಂಗಳೂರಿನ ಕರುಣಾಶ್ರಯದಲ್ಲಿ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಗೆ ಉಚಿತ ಆರೈಕೆ ಇದೆ, ಆದರೆ ನಿಮ್ಮ ಜನಕ್ಕೆ ಬೇಕಾದದ್ದು ಹಾಡಿಯಲ್ಲೇ ಸಿಗುವ ಆರೈಕೆ. ನಿಮ್ಮ ತಾಲ್ಲೂಕಿನ ಗಡಿಯಾಚೆ ವಯನಾಡಿನಲ್ಲಿ, ಕೇರಳದ ಉಳಿದ ಕಡೆಗಳಂತೆಯೇ, ಪಂಚಾಯಿತಿ ಮಟ್ಟದಲ್ಲಿ ಮನೆಗೆ ಹೋಗಿ ಹುಣ್ಣು ತೊಳೆದು, ನೋವಿನ ಔಷಧ ಕೊಟ್ಟು ಬರುವ ದಾದಿಯರಿದ್ದಾರೆ. ಒಂದು ದಿನ ಹೋಗಿ ಅವರ ಕೆಲಸವನ್ನು ನೋಡಿ ಬನ್ನಿ.

ಪ್ರಶ್ನೆ ಕೇಳಿದವರಿಂದ: ಕಪಿಲೆಯ ದಡ

ಎಲ್ಲರಿಗೂ ಕೃತಜ್ಞತೆಗಳು. ಹೆಣ ಮರಳಿ ತರುವ ಮಾತನ್ನು ಓದಿದ ಸಂಜೆಯೇ ಮೊದಲನೆಯವರ ತಾಯಿಯ ಬಳಿ ಹೋಗಿ ಕೇಳಿದೆ. ಮಗಳು ಅದನ್ನೇ ಹೇಳಿ ಅತ್ತಿದ್ದಳಂತೆ. ನಾನು ಹನ್ನೊಂದು ದಿನವೂ ಫೋನಿನಲ್ಲಿ ಕೇಳಿದ್ದು ಊಟ ಆಯಿತೇ, ಔಷಧ ಆಯಿತೇ ಎಂದು ಮಾತ್ರ.

ಹಾಡಿಯ ಯಜಮಾನರೊಂದಿಗೆ ಮಾತನಾಡಿದ್ದೇನೆ. ಮೂರನೆಯ ರೋಗಿಯೂ ಅವರ ಅಕ್ಕನ ಮಗಳೂ ಮುಂದಿನ ಸಭೆಯಲ್ಲಿ ತಮ್ಮ ಏಳು ವಾರಗಳನ್ನು ತಾವೇ ವಿವರಿಸಲು ಒಪ್ಪಿದ್ದಾರೆ. ಜೊತೆಗಾರ್ತಿಯರಾಗಿ ಯಾರು ಹೋಗಬಹುದು ಎಂಬುದನ್ನು ಹಾಡಿಯವರು ಅಲ್ಲಿಯೇ ತೀರ್ಮಾನಿಸುತ್ತಾರೆ. ದಿನಗೂಲಿಗಾಗಿ ಪಂಚಾಯಿತಿಗೂ ಲ್ಯಾಂಪ್ಸ್‌ಗೂ ಅರ್ಜಿ ಬರೆದಿದ್ದೇನೆ. ಹೆಸರು ತಪ್ಪಾಗಿರುವ ಪಡಿತರ ಚೀಟಿಗಳನ್ನು ಕಾಯಿಲೆ ಬರುವ ಮೊದಲೇ ಸರಿಪಡಿಸಬೇಕೆಂದು ಹಾಡಿವಾರು ಪಟ್ಟಿ ಮಾಡತೊಡಗಿದ್ದೇನೆ. ಮೊದಲ ಹಾಡಿಯಲ್ಲೇ ಹದಿನಾಲ್ಕು ಮನೆಗಳ ಹೆಸರು ಸೇರಿವೆ. ಬಾಯಿ ಕ್ಯಾನ್ಸರ್ ಆದವರನ್ನು ನಿನ್ನೆ ನೋಡಿ ಬಂದೆ, ನೋವು ಬಹಳ ಇದೆ. ಮೈಸೂರು ಅಥವಾ ಸರಗೂರಿನ ಆಸುಪಾಸಿನಲ್ಲಿ ಮಾರ್ಫಿನ್ ಕೊಟ್ಟು ಮನೆಗೆ ಬಂದು ನೋಡುವ ತಂಡದ ಬಗ್ಗೆ ಯಾರಿಗಾದರೂ ತಿಳಿದಿದ್ದರೆ ಈ ವಾರವೇ ತಿಳಿಸಿ. ಅವರ ವಿಷಯದಲ್ಲಿ ಹೆಚ್ಚು ದಿನ ಕಾಯುವಂತಿಲ್ಲ.